ನೋಡುವ ಕಾದಂಬರಿ, ಕಾಣದ ಕತ್ತರಿ

ಕಾದಂಬರಿಯೆಂದರೆ ಅಚ್ಚಾದ ಪುಸ್ತಕವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಜಪಾನಿನಲ್ಲಾದರೋ ಕಳೆದ ನಾಲ್ಕು ದಶಕಗಳಲ್ಲಿ ಇನ್ನೊಂದು ಬಗೆಯ ಕಾದಂಬರಿ ಬೆಳೆದುಬಂದಿದೆ. ಅದನ್ನು ಓದುವುದು ಕಂಪ್ಯೂಟರಿನ ಪರದೆಯ ಮೇಲೆ. ಪರದೆಯ ಕೆಳಗೆ ಗದ್ಯ, ಅದರ ಮೇಲೆ ಮಾತನಾಡುತ್ತಿರುವ ಪಾತ್ರದ ಚಿತ್ರ, ಆ ಚಿತ್ರದ ಹಿಂದೆ ಊರಿನ ಬೀದಿಯೋ ರೈಲು ನಿಲ್ದಾಣವೋ. ಜೊತೆಗೆ ಸಂಗೀತ, ಧ್ವನಿ. ನಡುನಡುವೆ ಕಥೆ ನಿಂತು, ಮುಂದೇನು ಮಾಡಬೇಕೆಂದು ಓದುಗರನ್ನೇ ಕೇಳುತ್ತದೆ. ಇದಕ್ಕೆ ‘ವಿಶುವಲ್ ನಾವೆಲ್’ ಎಂದು ಹೆಸರು; ನಾವು ದೃಶ್ಯಕಾದಂಬರಿ ಎನ್ನೋಣ. ಈ ಪ್ರಕಾರದ ಹೆಸರಾಂತ ಕೃತಿಗಳಲ್ಲಿ ಅನೇಕವು ಮೊದಲು ಪ್ರಕಟವಾದದ್ದು ಹದಿನೆಂಟು ವರ್ಷ ದಾಟಿದವರಿಗೆ ಮಾತ್ರ ಎಂಬ ಚೀಟಿಯೊಂದಿಗೆ, ಲೈಂಗಿಕ ಪ್ರಸಂಗಗಳನ್ನು ಒಳಗೊಂಡು.

ಸಾಹಿತ್ಯದ ಓದುಗರಾದ ನಾವು ಇದನ್ನೇಕೆ ಗಮನಿಸಬೇಕು? ಏನನ್ನು ಓದಬಹುದು, ಏನನ್ನು ಓದಬಾರದು ಎಂದು ನಿರ್ಣಯಿಸುವವರು ಯಾರು, ಆ ನಿರ್ಣಯಕ್ಕೆ ಕಾರಣ ಹೇಳುವ ಹೊಣೆ ಅವರಿಗಿದೆಯೇ ಎಂಬುದು ಹಳೆಯ ಪ್ರಶ್ನೆ. ವಯಸ್ಕರ ದೃಶ್ಯಕಾದಂಬರಿಯ ಚರಿತ್ರೆಯಲ್ಲಿ ಆ ಪ್ರಶ್ನೆಯ ಒಂದೊಂದು ಮಜಲೂ ಸ್ಪಷ್ಟವಾಗಿ ಕಾಣುತ್ತದೆ. ಕತ್ತರಿ ಮೊದಲು ನ್ಯಾಯಾಲಯದ ಕೈಯಲ್ಲಿತ್ತು. ಅಲ್ಲಿಂದ ಉದ್ಯಮದ ಮಂಡಳಿಗೆ, ಮಂಡಳಿಯಿಂದ ಅಂಗಡಿಗೆ, ಅಂಗಡಿಯಿಂದ ಹಣ ದಾಟಿಸುವ ಕಂಪನಿಗೆ ಹೋಯಿತು. ಕೈ ಬದಲಾದಷ್ಟೂ ಅದು ಕಣ್ಣಿಗೆ ಕಾಣದಂತಾಯಿತು.

ಇಂಥ ಕೃತಿಯೊಂದು ಹೇಗೆ ಸಿದ್ಧವಾಗುತ್ತದೆಂಬುದನ್ನು ಮೊದಲು ನೋಡಬೇಕು. ವಿವಾದದ ಬೇರುಗಳಲ್ಲಿ ಕೆಲವು ತಯಾರಿಕೆಯ ಕ್ರಮದಲ್ಲಿಯೇ ಇವೆ. ಚಲನಚಿತ್ರಕ್ಕೆ ಹೋಲಿಸಿದರೆ ಇದಕ್ಕೆ ಬೇಕಾಗುವ ಜನ ಬಹಳ ಕಡಿಮೆ. ಕಥೆಯನ್ನೂ ಸಂಭಾಷಣೆಯನ್ನೂ ಬರೆಯುವ ಲೇಖಕ ಒಬ್ಬ ಅಥವಾ ಇಬ್ಬರು; ಪಾತ್ರಗಳ ಮೂಲ ರೇಖಾಚಿತ್ರ ಬರೆಯುವ ಕಲಾವಿದ; ಅದಕ್ಕೆ ಬಣ್ಣ ತುಂಬುವವರು; ಹಿನ್ನೆಲೆ ಚಿತ್ರಿಸುವವರು; ಸಂಗೀತಗಾರ; ಎಲ್ಲವನ್ನೂ ಜೋಡಿಸುವ ಪ್ರೋಗ್ರಾಮರ್. ಧ್ವನಿ ಕೊಡುವ ನಟನಟಿಯರು ಬೇರೆ. ವಯಸ್ಕರ ಕೃತಿಗಳಲ್ಲಿ ಅವರು ಸಾಮಾನ್ಯವಾಗಿ ಬೇರೊಂದು ಹೆಸರನ್ನಿಟ್ಟುಕೊಳ್ಳುತ್ತಾರೆ. ಒಂದು ಪಾತ್ರಕ್ಕೆ ನಿಂತ ಭಂಗಿಯ ಕೆಲವೇ ಚಿತ್ರಗಳಿರುತ್ತವೆ. ದೇಹವನ್ನು ಹಾಗೆಯೇ ಇಟ್ಟು, ನಗು, ಮುನಿಸು, ನಾಚಿಕೆ, ಅಳು ಎಂದು ಮುಖವನ್ನಷ್ಟೇ ಬದಲಿಸುತ್ತಾರೆ. ಕಥೆಯ ಮುಖ್ಯ ಘಟ್ಟಗಳಿಗೆ ಮಾತ್ರ ಇಡೀ ಪರದೆಯನ್ನು ತುಂಬುವ ವಿಶೇಷ ಚಿತ್ರಗಳನ್ನು ಬರೆಯುತ್ತಾರೆ. ಚಿತ್ರಕ್ಕೆ ಖರ್ಚು ಹೆಚ್ಚು, ಗದ್ಯಕ್ಕೆ ಕಡಿಮೆ. ಆದುದರಿಂದ ಭಾರವೆಲ್ಲ ಗದ್ಯದ ಮೇಲೆ ಬೀಳುತ್ತದೆ; ದೊಡ್ಡ ಕೃತಿಯೊಂದರ ಗದ್ಯ ಹಲವು ಕಾದಂಬರಿಗಳಷ್ಟು ದೀರ್ಘವಾಗಿರುವುದುಂಟು.

ಕಥೆಯ ಕವಲುಗಳನ್ನು ನಿರ್ವಹಿಸುವುದು ತಯಾರಿಕೆಯ ಇನ್ನೊಂದು ಕೆಲಸ. ಓದುಗರು ಆರಿಸಿದ ಪ್ರತಿಯೊಂದು ಉತ್ತರವನ್ನೂ ಯಂತ್ರ ಗುರುತು ಹಾಕಿಟ್ಟುಕೊಂಡು, ಗುರುತುಗಳ ಲೆಕ್ಕದ ಮೇಲೆ ಮುಂದಿನ ದಾರಿಯನ್ನು ತೆರೆಯುತ್ತದೆ. ಮೊದಲ ಭಾಗ ಎಲ್ಲರಿಗೂ ಒಂದೇ; ಅನಂತರ ಒಂದೊಂದು ನಾಯಿಕೆಯ ಕಡೆಗೆ ಒಂದೊಂದು ದಾರಿ; ಪ್ರತಿ ದಾರಿಗೂ ಸುಖಾಂತ, ದುಃಖಾಂತ. ಒಂದು ಮುಕ್ತಾಯವನ್ನು ಕಂಡವರು ಹಿಂದಿರುಗಿ ಇನ್ನೊಂದನ್ನು ಹುಡುಕುತ್ತಾರೆ. ಪುಸ್ತಕದ ಓದುಗರು ಪಾತ್ರಧಾರಿಯ ತಪ್ಪನ್ನು ದೂರದಿಂದ ನೋಡುತ್ತಾರೆ. ಇಲ್ಲಿ ತಪ್ಪನ್ನು ಆರಿಸಿದವರು ಅವರೇ. ಈ ಪ್ರಕಾರದ ಶಕ್ತಿ ಇದೇ. ಅದರ ಮೇಲಿನ ಅತಿ ಗಂಭೀರ ಆಕ್ಷೇಪದ ಮೂಲವೂ ಇದೇ.

ಈ ರೂಪ ಒಮ್ಮೆಗೇ ಹುಟ್ಟಿದ್ದಲ್ಲ. ಕೋಯೆ ಎಂಬ ಸಂಸ್ಥೆ 1982ರಲ್ಲಿ ‘ನೈಟ್ ಲೈಫ್’ ಎಂಬ ವಯಸ್ಕರ ತಂತ್ರಾಂಶವನ್ನು ಮಾರಾಟಕ್ಕಿಟ್ಟಿತು. ಅದರಲ್ಲಿದ್ದುದು ಒರಟು ರೇಖಾಚಿತ್ರಗಳಷ್ಟೇ. ಮರುವರ್ಷ, ಅಂದರೆ 1983ರಲ್ಲಿ, ಹೊರೀ ಯೂಜಿ ರಚಿಸಿದ ‘ಪೋರ್ಟೋಪಿಯಾ ಸರಣಿ ಕೊಲೆ ಪ್ರಕರಣ’ ಬಂದಿತು. ಅದು ಸಭ್ಯವಾದ ಪತ್ತೇದಾರಿ ಕಥೆ. ಚಿತ್ರ ಮತ್ತು ಬರಹವನ್ನು ಕೂಡಿಸಿ ಕಥೆ ಹೇಳಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. ಎನ್‌ಇಸಿ ಕಂಪನಿಯ ಪಿಸಿ-98 ಸರಣಿಯ ಕಂಪ್ಯೂಟರುಗಳು ಮನೆಮನೆಗೆ ಬಂದಾಗ ಈ ಎರಡು ಹೊಳೆಗಳೂ ಸೇರಿದವು. ಆ ಯಂತ್ರದ ಪರದೆಯಲ್ಲಿ ಕಾಂಜಿ ಅಕ್ಷರಗಳು ಸ್ಫುಟವಾಗಿ ಮೂಡುತ್ತಿದ್ದವು. ಆದರೆ 4096 ಬಣ್ಣಗಳ ಪೈಕಿ ಒಮ್ಮೆಗೆ 16ನ್ನು ಮಾತ್ರ ತೋರಿಸಲು ಸಾಧ್ಯವಿತ್ತು. ಚಿತ್ರ ಚಲಿಸುವುದಂತೂ ಕಷ್ಟ. ನಿಂತ ಚಿತ್ರ ಮತ್ತು ಹರಿಯುವ ಗದ್ಯ ಎಂಬ ರೂಪ ನೆಲೆಗೊಳ್ಳಲು ಈ ಇಕ್ಕಟ್ಟೂ ಕಾರಣವಾಯಿತು.

1992ರಲ್ಲಿ ಎರಡು ಮುಖ್ಯ ಕೃತಿಗಳು ಹೊರಬಂದವು. ಚುನ್‌ಸಾಫ್ಟ್ ಸಂಸ್ಥೆ ಮಕ್ಕಳೂ ಆಡಬಹುದಾದ ಆಟದ ಯಂತ್ರಕ್ಕೆ ‘ಒತೊಗಿರಿಸೋ’ ಎಂಬ ಭಯಕಥೆಯನ್ನು ತಂದು, ಅದನ್ನು ಶಬ್ದಕಾದಂಬರಿಯೆಂಬ ಅರ್ಥದಲ್ಲಿ ‘ಸೌಂಡ್ ನಾವೆಲ್’ ಎಂದು ಕರೆಯಿತು. ಎಲ್ಫ್ ಸಂಸ್ಥೆಯ ‘ದೋಕ್ಯೂಸೆಯಿ’ ವಯಸ್ಕರ ಕಂಪ್ಯೂಟರ್ ಆಟದಲ್ಲಿ ಪ್ರೇಮಕಥೆಗೆ ಪ್ರಾಧಾನ್ಯ ಕೊಟ್ಟಿತು. ನಾಲ್ಕು ವರ್ಷಗಳ ಅನಂತರ ಲೀಫ್ ಎಂಬ ಚಿಕ್ಕ ಸಂಸ್ಥೆ, ಶಬ್ದಕಾದಂಬರಿಯ ರೀತಿಯನ್ನು ವಯಸ್ಕರ ಕೃತಿಗೆ ತಂದು, 1996ರಲ್ಲಿ ‘ಶಿಜುಕು’, ‘ಕಿಜುಆತೊ’, 1997ರಲ್ಲಿ ‘ಟು ಹಾರ್ಟ್’ ಎಂಬ ಮೂರು ಕೃತಿಗಳನ್ನು ಪ್ರಕಟಿಸಿತು. ಆ ಮಾಲೆಗೆ ಅದು ಇಟ್ಟ ಹೆಸರು ‘ವಿಶುವಲ್ ನಾವೆಲ್’. ಮುಂದೆ ಇಡೀ ಪ್ರಕಾರಕ್ಕೇ ಆ ಹೆಸರು ನಿಂತಿತು.

ಕಥೆಯೇ ಮುಖ್ಯವಾದರೆ ಲೈಂಗಿಕ ಪ್ರಸಂಗಗಳೇಕೆ ಎಂಬ ಪ್ರಶ್ನೆ ಸಹಜ. ಮಾರುಕಟ್ಟೆಯಲ್ಲಿ ಅದಕ್ಕೆ ಉತ್ತರವಿದೆ. ಮನೆಯ ಟಿವಿಗೆ ಜೋಡಿಸುವ ಆಟದ ಯಂತ್ರಗಳಿಗೆ ಕೃತಿ ಮಾಡಬೇಕಾದರೆ ಯಂತ್ರ ತಯಾರಕರ ಅನುಮತಿ ಬೇಕಿತ್ತು, ಬಂಡವಾಳವೂ ಬೇಕಿತ್ತು. ಕಂಪ್ಯೂಟರಿಗೆ ಯಾರ ಅಪ್ಪಣೆಯೂ ಬೇಡ. ಆದರೆ ಅಲ್ಲಿ ಹಣ ಕೊಟ್ಟು ಕೊಳ್ಳುವ ಗಿರಾಕಿ ಬರುತ್ತಿದ್ದುದು ಬಹುಮಟ್ಟಿಗೆ ವಯಸ್ಕರ ಕೃತಿಗಾಗಿ. ಕೆಲವು ನಿಗದಿತ ಪ್ರಸಂಗಗಳಿದ್ದರೆ ಸಾಕು, ಮಿಕ್ಕ ಕಥೆಯಲ್ಲಿ ಲೇಖಕ ಏನು ಬೇಕಾದರೂ ಬರೆಯಬಹುದು ಎಂಬ ಅಘೋಷಿತ ಒಪ್ಪಂದ ಹೀಗೆ ಏರ್ಪಟ್ಟಿತು. ಈ ಸಂದಿನಲ್ಲಿ ತರುಣ ಲೇಖಕರು ಸಾವು, ಮರೆವು, ಒಂಟಿತನಗಳ ಬಗ್ಗೆ ಬರೆದರು. ಕೀ ಎಂಬ ತಂಡದ ‘ಕಾನೊನ್’ 1999ರಲ್ಲಿಯೂ ‘ಏರ್’ 2000ದಲ್ಲಿಯೂ ಬಂದವು. ಇವನ್ನು ಓದಿ ಅತ್ತವರೇ ಹೆಚ್ಚು. ‘ಕಾನೊನ್’ ಕೃತಿಯಿಂದ ವಯಸ್ಕರ ಭಾಗವನ್ನು ತೆಗೆದು ಮರುವರ್ಷ ಪ್ರಕಟಿಸಿದರೂ ಕಥೆ ಮುಕ್ಕಾಗಲಿಲ್ಲ. 2004ರ ‘ಕ್ಲಾನಾಡ್’ ಮೊದಲಿನಿಂದಲೇ ಎಲ್ಲ ವಯಸ್ಸಿನವರಿಗಾಗಿ ಬಂದಿತು. ನಾಸು ಕಿನೋಕೊ ಬರೆದು ತಾಕೆಉಚಿ ತಾಕಾಶಿ ಚಿತ್ರಿಸಿದ ‘ತ್ಸುಕಿಹಿಮೆ’ಯನ್ನು ಟೈಪ್-ಮೂನ್ ಎಂಬ ಹವ್ಯಾಸಿ ತಂಡ 2000ದ ಡಿಸೆಂಬರಿನಲ್ಲಿ ತೋಕಿಯೋದ ‘ಕೊಮಿಕೆಟ್’ ಸಂತೆಯಲ್ಲಿ ತಾನೇ ಮಾರಿತು. ಅದೇ ತಂಡ 2004ರಲ್ಲಿ ವಯಸ್ಕರಿಗೆಂದು ತಂದ ‘ಫೇಟ್/ಸ್ಟೇ ನೈಟ್’ ಇಂದು ಆ ಭಾಗಗಳಿಲ್ಲದೆಯೇ ಲೋಕಪ್ರಸಿದ್ಧವಾಗಿದೆ.

ಇಷ್ಟರಿಂದ ಇಡೀ ಪ್ರಕಾರವೇ ಮರೆಯಾಗಿದ್ದ ಉತ್ತಮ ಸಾಹಿತ್ಯವೆಂದು ಭಾವಿಸಿದರೆ ಅದು ತಪ್ಪಾಗುತ್ತದೆ. ಹೆಚ್ಚಿನ ಕೃತಿಗಳು ಸರಕುಗಳೇ. ಹೆಣ್ಣನ್ನು ಗೆಲ್ಲಬೇಕಾದ ಬಹುಮಾನದಂತೆ, ಒಂದೊಂದು ಸ್ವಭಾವಕ್ಕೆ ಒಂದೊಂದು ಗೊಂಬೆಯಂತೆ ಕಾಣುವ ದೃಷ್ಟಿ ಅವುಗಳ ಚೌಕಟ್ಟಿನಲ್ಲಿಯೇ ಇದೆ. ಬಲಾತ್ಕಾರವನ್ನು ರಂಜನೆಯಾಗಿಸಿದ ಕೃತಿಗಳು ಬಂದವು. ಪಾತ್ರಗಳ ವಯಸ್ಸು ಹದಿನೆಂಟಕ್ಕೆ ಮೇಲೆಂದು ಆರಂಭದಲ್ಲಿ ಬರೆದು, ಚಿತ್ರದಲ್ಲಿ ಚಿಕ್ಕವರಂತೆ ತೋರಿಸುವ ಪರಿಪಾಠವೂ ಬೆಳೆಯಿತು. ಇವನ್ನು ವಿರೋಧಿಸಿದವರೆಲ್ಲ ಸಾಹಿತ್ಯದ್ವೇಷಿಗಳಲ್ಲ. ಅವರ ಮಾತಿನಲ್ಲಿ ಹುರುಳಿದೆ.

ಇನ್ನು ಕಾನೂನು. ಜಪಾನಿನ ದಂಡಸಂಹಿತೆಯ 175ನೆಯ ವಿಧಿ ಅಶ್ಲೀಲ ಬರಹ, ಚಿತ್ರಗಳ ಪ್ರಸಾರವನ್ನು ಅಪರಾಧವೆನ್ನುತ್ತದೆ. ಅಶ್ಲೀಲವೆಂದರೇನು ಎಂಬುದನ್ನು ವಿಧಿ ಹೇಳುವುದಿಲ್ಲ. ಅದನ್ನು ಹೇಳಿದ್ದು ಒಂದು ಸಾಹಿತ್ಯ ಮೊಕದ್ದಮೆ. ಡಿ. ಎಚ್. ಲಾರೆನ್ಸರ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿಯನ್ನು ಇತೋ ಸೇಯಿ ಜಪಾನೀ ಭಾಷೆಗೆ ತಂದಿದ್ದರು. 1957ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅವರನ್ನೂ ಪ್ರಕಾಶಕರನ್ನೂ ಅಪರಾಧಿಗಳೆಂದಿತು. ಕಾಮವನ್ನು ಕೆರಳಿಸುವುದು, ಸಹಜ ಲಜ್ಜೆಗೆ ಧಕ್ಕೆ ತರುವುದು, ಲೈಂಗಿಕ ನೀತಿಗೆ ವಿರುದ್ಧವಾಗಿರುವುದು ಎಂಬ ಮೂರು ಲಕ್ಷಣಗಳನ್ನು ತೀರ್ಪು ಕೊಟ್ಟಿತು; ಕಲೆಯಾಗಿದ್ದ ಮಾತ್ರಕ್ಕೆ ಅಶ್ಲೀಲತೆ ಇಲ್ಲವಾಗದು ಎಂದಿತು. ಏಳು ವರ್ಷಗಳ ಅನಂತರ ಅದೇ ಕಾದಂಬರಿ ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತು. ಮುಂಬಯಿಯ ಪುಸ್ತಕದಂಗಡಿಯ ಪಾಲುದಾರ ರಂಜಿತ್ ಉದೇಶಿಯವರಿಗೆ ಕೆಳಗಿನ ನ್ಯಾಯಾಲಯ ವಿಧಿಸಿದ್ದ ಇಪ್ಪತ್ತು ರೂಪಾಯಿ ದಂಡವನ್ನು 1964ರಲ್ಲಿ ಅದು ಎತ್ತಿಹಿಡಿಯಿತು. ಪ್ರತಿವಾದಿಯ ಪರವಾಗಿ ಮುಲ್ಕ್ ರಾಜ್ ಆನಂದ್ ಸಾಕ್ಷಿ ನುಡಿದಿದ್ದರೂ ಫಲವಾಗಲಿಲ್ಲ. ಮುಂಬಯಿಯಲ್ಲಿರುವ ಕನ್ನಡಿಗರಿಗೆ ಇದು ತಮ್ಮೂರಿನ ಚರಿತ್ರೆಯೇ. ಎರಡೂ ತೀರ್ಪುಗಳನ್ನು ನಾವಿಂದು ಓದಬಹುದು, ತರ್ಕದ ಸಾಲುಸಾಲಿಗೂ ಆಕ್ಷೇಪಿಸಬಹುದು. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

175ನೆಯ ವಿಧಿಯ ಭಯದಿಂದ ಜಪಾನೀ ತಯಾರಕರು ಗುಪ್ತಾಂಗಗಳ ಮೇಲೆ ಮಸುಕು ಚೌಕಗಳನ್ನು ಹಾಕುವ ರೂಢಿಗೆ ಬಂದರು. ಆ ಮಸುಕು ಅಂಗವನ್ನು ಮುಚ್ಚಿತೇ ಹೊರತು ಕಥೆಯಲ್ಲಿನ ಕ್ರೌರ್ಯವನ್ನು ಮುಟ್ಟಲಿಲ್ಲ. ಪರಸ್ಪರ ಒಲಿದವರ ಪ್ರಸಂಗಕ್ಕೂ ಬಲಾತ್ಕಾರದ ಪ್ರಸಂಗಕ್ಕೂ ಅದು ಒಂದೇ ಅಳತೆ. ಕೊನೆಗೆ ಇತೋ ಸೇಯಿಯವರ ಆ ಅನುವಾದ ಏನನ್ನೂ ಬಿಡದೆ ಜಪಾನಿನಲ್ಲಿ ಪ್ರಕಟವಾದದ್ದು 1996ರಲ್ಲಿ, ಲೀಫ್ ಸಂಸ್ಥೆಯ ‘ಶಿಜುಕು’ ಬಂದ ವರ್ಷವೇ. ಅಕ್ಷರಕ್ಕೆ ಬಿಡುಗಡೆ ಸಿಕ್ಕಿತು. ಚಿತ್ರದ ಮೇಲಿನ ಮಸುಕು ಉಳಿಯಿತು.

ಕಂಪ್ಯೂಟರ್ ಕೃತಿಗಳ ಮೇಲೆ ಸಾರ್ವಜನಿಕ ಕೋಪ ಮೊದಲು ಹೊರಬಿದ್ದದ್ದು 1986ರಲ್ಲಿ. ಅತ್ಯಾಚಾರದ ವಿಧಿಯ ಸಂಖ್ಯೆಯನ್ನೇ ಹೆಸರಾಗಿಸಿಕೊಂಡ ‘177’ ಎಂಬ ಆಟದ ವಿಷಯ ಜಪಾನಿನ ಸಂಸತ್ತಿನಲ್ಲಿ ಪ್ರಸ್ತಾಪವಾಯಿತು. 1989ರಲ್ಲಿ ಎಳೆಯ ಹೆಣ್ಣುಮಕ್ಕಳನ್ನು ಕೊಂದವನೊಬ್ಬ ಸಿಕ್ಕಿಬಿದ್ದಾಗ, ಅವನ ಕೋಣೆಯಲ್ಲಿದ್ದ ಸಾವಿರಾರು ವಿಡಿಯೋ ಟೇಪುಗಳ ಚಿತ್ರ ಪತ್ರಿಕೆಗಳಲ್ಲಿ ಬಂದು, ಕಾಮಿಕ್ಸ್ ಮತ್ತು ಅನಿಮೆಯ ಅಭಿಮಾನಿಗಳೆಲ್ಲರ ಮೇಲೆ ಸಂಶಯದ ನೆರಳು ಬಿದ್ದಿತು. 1991ರಲ್ಲಿ ಶಾಲಾ ಬಾಲಕನೊಬ್ಬ ಅಂಗಡಿಯಿಂದ ‘ಸಾಓರಿ’ ಎಂಬ ವಯಸ್ಕರ ಕೃತಿಯನ್ನು ಕದ್ದ. ವಿಚಾರಣೆ ಕಳ್ಳತನದಲ್ಲಿಯೇ ನಿಲ್ಲದೆ ತಯಾರಕರವರೆಗೆ ಹೋಗಿ, 175ನೆಯ ವಿಧಿಯಡಿ ಬಂಧನಗಳಾದವು. ಗಾಬರಿಗೊಂಡ ಉದ್ಯಮ 1992ರಲ್ಲಿ ಕಂಪ್ಯೂಟರ್ ತಂತ್ರಾಂಶ ನೀತಿ ಮಂಡಳಿಯನ್ನು ತಾನೇ ಕಟ್ಟಿಕೊಂಡಿತು. ಪರಿಶೀಲಿಸಿ ಚೀಟಿ ಅಂಟಿಸುವುದು ಆ ಮಂಡಳಿಯ ಕೆಲಸ. ಚೀಟಿಯಿಲ್ಲದ ಕೃತಿಗೆ ಅಂಗಡಿಯಲ್ಲಿ ಜಾಗ ಸಿಗುವುದು ಕಷ್ಟವಾಯಿತು. ಅದೇ ವರ್ಷ ಮಿಯಾಜಾಕಿ ಪ್ರಾಂತದ ಆಡಳಿತ ಗೈನಾಕ್ಸ್ ಸಂಸ್ಥೆಯ ‘ದೆನ್ನೋ ಗಾಕುಎನ್’ ಆಟವನ್ನು ಎಳೆಯರಿಗೆ ಹಾನಿಕರವೆಂದು ಘೋಷಿಸಿತು. ಸಂಸ್ಥೆ ನ್ಯಾಯಾಲಯದ ಮೆಟ್ಟಿಲೇರಿ 1999ರವರೆಗೆ ಹೋರಾಡಿ ಸೋತಿತು. ಸೋತರೂ ವಾದಿಸಲು ಅದಕ್ಕೊಂದು ವೇದಿಕೆಯಿತ್ತು.

2009ರಲ್ಲಿ ವಿವಾದ ಜಪಾನಿನ ಗಡಿ ದಾಟಿತು. ಇಲ್ಯೂಷನ್ ಎಂಬ ಸಂಸ್ಥೆ 2006ರಲ್ಲಿ ತಂದಿದ್ದ ‘ರೇಪ್‌ಲೇ’ ಎಂಬ ಆಟದಲ್ಲಿ ಆಡುವವನೇ ಅತ್ಯಾಚಾರಿ. ಇದು ದೃಶ್ಯಕಾದಂಬರಿಯಲ್ಲ, ಮೂರು ಆಯಾಮದ ಆಟ. ಆದರೆ ಅದರಿಂದ ಎದ್ದ ಪ್ರಶ್ನೆ ಇಡೀ ವಯಸ್ಕರ ಉದ್ಯಮವನ್ನು ಸುತ್ತಿಕೊಂಡಿತು. ಬ್ರಿಟನ್ನಿನ ಸಂಸದರು ದನಿ ಎತ್ತಿದರು, ಅಮೆಜಾನ್ ಮಾರಾಟ ನಿಲ್ಲಿಸಿತು, ಈಕ್ವಾಲಿಟಿ ನೌ ಎಂಬ ಮಹಿಳಾ ಹಕ್ಕುಗಳ ಸಂಘಟನೆ ಅಭಿಯಾನ ನಡೆಸಿತು. ಆಟ ಜಪಾನಿನ ಕಾನೂನಿಗೆ ಒಳಪಟ್ಟಿದೆ, ಹೊರದೇಶಗಳಿಗೆಂದು ಮಾಡಿದ್ದಲ್ಲ ಎಂಬುದು ತಯಾರಕರ ಸಮಾಧಾನ. ಮಸುಕು ಚೌಕಗಳನ್ನು ಹಾಕಿದ್ದರೆ ಕಾನೂನು ತೃಪ್ತವಾಗುತ್ತದೆ, ಹೆಣ್ಣಿನ ಮೇಲಿನ ಹಿಂಸೆ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ಆ ಉತ್ತರ ತಾನಾಗಿಯೇ ಒಪ್ಪಿಕೊಂಡಂತಾಯಿತು. ಕಥೆಯೊಳಗೆ ಆಯ್ಕೆ ಮಾಡುವವನು ಆಡುವವನೇ ಆದಾಗ, ಹಿಂಸೆಯನ್ನು ಓದುವುದಕ್ಕೂ ಹಿಂಸೆಯನ್ನು ಅಭ್ಯಾಸ ಮಾಡುವುದಕ್ಕೂ ನಡುವೆ ಅಂತರವೆಷ್ಟು ಎಂದು ಮಹಿಳೆಯರು ಕೇಳಿದ್ದು ನ್ಯಾಯವಾದ ಪ್ರಶ್ನೆ. ನೀತಿ ಮಂಡಳಿ ಆ ವರ್ಷವೇ ಇಂಥ ಆಟಗಳ ಮೇಲೆ ನಿರ್ಬಂಧ ಹೇರಿತು. ಆದರೆ ಹಿಂಸೆಯನ್ನು ರಂಜನೆಯಾಗಿಸುವ ಕೃತಿ ಯಾವುದು, ಹಿಂಸೆಯ ಪರಿಣಾಮವನ್ನು ಶೋಧಿಸುವ ಕೃತಿ ಯಾವುದು ಎಂಬ ವಿವೇಚನೆ ಸಾರ್ವಜನಿಕವಾಗಿ ನಡೆಯಲಿಲ್ಲ.

ಈ ಹೊತ್ತಿಗೆ ತಯಾರಿಕೆ ಜಪಾನಿನಾಚೆಗೂ ಹಬ್ಬಿತ್ತು. 2004ರಲ್ಲಿ ಅಮೆರಿಕದ ಟಾಮ್ ರಾಥಮೆಲ್ ‘ರೆನ್‌ಪೈ’ ಎಂಬ ಉಚಿತ ಸಾಧನವನ್ನು ಹೊರತಂದರು. ಪೈಥಾನ್ ಆಧಾರಿತವಾದ ಈ ಸಾಧನದಲ್ಲಿ ನಾಟಕದ ಹಸ್ತಪ್ರತಿ ಬರೆದಂತೆ ಪಾತ್ರದ ಹೆಸರು, ಅದರ ಮಾತು ಎಂದು ಬರೆಯುತ್ತ ಹೋದರೆ ಕೃತಿ ರೂಪುಗೊಳ್ಳುತ್ತದೆ. ಹಲವು ದೇಶಗಳ ಹವ್ಯಾಸಿಗಳು ಇಂಟರ್ನೆಟ್ಟಿನಲ್ಲಿ ಕೂಡಿ ಅದರಲ್ಲಿ ರಚಿಸಿದ ‘ಕತಾವಾ ಶೋಜೊ’ 2012ರಲ್ಲಿ ಉಚಿತವಾಗಿ ಬಂದಿತು. ಅಂಗವಿಕಲರ ಶಾಲೆಯೊಂದರಲ್ಲಿ ನಡೆಯುವ ಆ ಕಥೆಯಲ್ಲಿ ವಯಸ್ಕರ ಪ್ರಸಂಗಗಳನ್ನು ಬೇಡವೆಂದು ಮುಚ್ಚಿಡುವ ಸೌಕರ್ಯವನ್ನೂ ಓದುಗರಿಗೇ ಬಿಟ್ಟಿದ್ದರು. ಒಬ್ಬಂಟಿಯಾಗಿಯೂ ಇಂಥ ಕೃತಿ ಮಾಡಲು ಸಾಧ್ಯವಾಯಿತು. ಅದನ್ನು ಮಾರಲು ಮಾತ್ರ ದೊಡ್ಡ ಆನ್‌ಲೈನ್ ಅಂಗಡಿ ಬೇಕು.

ಅಂಥ ಅಂಗಡಿಗಳಲ್ಲಿ ಸ್ಟೀಮ್ ಬಹಳ ದೊಡ್ಡದು. 2018ರ ಮೇ ತಿಂಗಳಲ್ಲಿ ಅದು ಕೆಲವು ತಯಾರಕರಿಗೆ ಲೈಂಗಿಕ ಭಾಗಗಳನ್ನು ತೆಗೆಯದಿದ್ದರೆ ಕೃತಿಯನ್ನೇ ತೆಗೆಯುವುದಾಗಿ ಎಚ್ಚರಿಸಿ, ಕೆಲವೇ ದಿನಗಳಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು. ಜೂನಿನಲ್ಲಿ, ಕಾನೂನುಬಾಹಿರವಾದವು ಮತ್ತು ಬರಿಯ ಕೆಣಕಾಟದವು ಹೊರತು ಎಲ್ಲವಕ್ಕೂ ಅವಕಾಶವೆಂದು ಘೋಷಿಸಿತು. ವಿವೇಚನೆಯ ಹೊರೆಯನ್ನು ಇಳಿಸಿಕೊಳ್ಳುವುದಕ್ಕೆ ಆ ಅಂಗಡಿ ಕಂಡುಕೊಂಡ ಉಪಾಯ ಅದು.

ಆ ಹೊರೆಯನ್ನು ಕೈಗೆತ್ತಿಕೊಂಡದ್ದು ಯಾರೂ ನಿರೀಕ್ಷಿಸದ ಪಕ್ಷ. 2024ರ ಏಪ್ರಿಲಿನಲ್ಲಿ ಜಪಾನಿನ ಡಿಎಲ್‌ಸೈಟ್ ಅಂಗಡಿಯಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಮುಂತಾದವುಗಳ ಮೂಲಕ ಹಣ ಕಟ್ಟುವುದು ನಿಂತುಹೋಯಿತು. ಅದಕ್ಕೆ ಮುಂಚೆ ಆಕ್ಷೇಪಾರ್ಹವೆನಿಸಿದ ವರ್ಗನಾಮಗಳನ್ನು ಅಂಗಡಿ ಬೇರೆ ಶಬ್ದಗಳಿಂದ ಬದಲಿಸಿ ನೋಡಿತ್ತು. ಕೃತಿಗಳು ಅವೇ, ಹೆಸರು ಮಾತ್ರ ಹೊಸದು. 2025ರ ಜುಲೈಯಲ್ಲಿ ಆಸ್ಟ್ರೇಲಿಯದ ಕಲೆಕ್ಟಿವ್ ಶೌಟ್ ಸಂಘಟನೆ, ಅತ್ಯಾಚಾರ ಮತ್ತು ರಕ್ತಸಂಬಂಧಿಗಳ ನಡುವಣ ಕಾಮವನ್ನು ಚಿತ್ರಿಸುವ ಆಟಗಳನ್ನು ತೋರಿಸಿ, ಪಾವತಿ ಕಂಪನಿಗಳಿಗೆ ಬಹಿರಂಗ ಪತ್ರ ಬರೆಯಿತು. ಅದೇ ತಿಂಗಳು ಸ್ಟೀಮ್ ತನ್ನ ನಿಯಮಗಳಿಗೆ, ಪಾವತಿ ಸಂಸ್ಥೆಗಳ ಕಟ್ಟಳೆಗೆ ವಿರುದ್ಧವಾಗಬಹುದಾದ ಕೃತಿಗಳಿಗೆ ಎಡೆಯಿಲ್ಲವೆಂಬ ಸಾಲನ್ನು ಸೇರಿಸಿ, ಅನೇಕ ಆಟಗಳನ್ನು ತೆಗೆದುಹಾಕಿತು. ಸ್ವತಂತ್ರ ತಯಾರಕರ ನೆಚ್ಚಿನ ಅಂಗಡಿಯಾದ ಇಚ್ ಡಾಟ್ ಐಓ, ವಯಸ್ಕರ ಕೃತಿಗಳೆಲ್ಲವನ್ನೂ ಒಂದೇ ಏಟಿಗೆ ಹುಡುಕಾಟದಿಂದ ಮರೆಮಾಡಿತು. ಹಿಂಸೆಯನ್ನು ವೈಭವೀಕರಿಸಿದ್ದೂ, ಒಲುಮೆಯ ಕಥೆಯೂ ಒಂದೇ ಬುಟ್ಟಿಗೆ ಬಿದ್ದವು.

ಆಗಸ್ಟಿನ ಆರಂಭದಲ್ಲಿ ಮಾಸ್ಟರ್‌ಕಾರ್ಡ್, ತಾನು ಯಾವ ಆಟವನ್ನೂ ಪರಿಶೀಲಿಸಿಲ್ಲ, ನಿರ್ಬಂಧಿಸೆಂದು ಕೇಳಿಯೂ ಇಲ್ಲ ಎಂದಿತು. ಕಾರ್ಡ್ ಕಂಪನಿ ತಮ್ಮೊಡನೆ ನೇರವಾಗಿ ಮಾತನಾಡಲಿಲ್ಲ, ಆದರೆ ನಡುವಣ ಪಾವತಿ ಸಂಸ್ಥೆಗಳು ಮಾಸ್ಟರ್‌ಕಾರ್ಡಿನದೇ 5.12.7 ಎಂಬ ನಿಯಮವನ್ನು ಮುಂದಿಟ್ಟವು ಎಂದು ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಹೇಳಿತು. ಕಾರ್ಡಿನವರು ಬೆರಳು ತೋರಿಸಿದ್ದು ಅಂಗಡಿಯತ್ತ, ಅಂಗಡಿಯವರು ದಲ್ಲಾಳಿಯತ್ತ, ದಲ್ಲಾಳಿ ಕಾರ್ಡಿನತ್ತ. ಕೃತಿಗಳು ಮಾತ್ರ ಕಾಣೆಯಾಗಿದ್ದವು.

ಹಣದ ಕಂಪನಿಗಳು ಎಚ್ಚರ ವಹಿಸುವುದಕ್ಕೆ ಕಾರಣವಿಲ್ಲದಿಲ್ಲ. 2020ರಲ್ಲಿ ಪೋರ್ನ್‌ಹಬ್ ತಾಣದಲ್ಲಿ ನಿಜವಾದ ಸಂತ್ರಸ್ತರ ವಿಡಿಯೋಗಳಿರುವ ವರದಿ ಬಂದಾಗ ಅವು ಪಾವತಿ ನಿಲ್ಲಿಸಿದ್ದು ಸರಿಯಾಗಿಯೇ ಇತ್ತು. ಅಲ್ಲಿ ನೊಂದವರು ಜೀವಂತ ಮನುಷ್ಯರು. ಬರೆದ ಚಿತ್ರ, ಕಟ್ಟಿದ ಕಥೆಯ ವಿಷಯದಲ್ಲಿ ಪ್ರಶ್ನೆ ಬೇರೆ. ಅದು ಓದಿ, ತೂಗಿ, ವಾದಿಸಿ ನಿರ್ಣಯಿಸಬೇಕಾದ ಪ್ರಶ್ನೆ. ಹಣ ದಾಟಿಸುವವರಿಗೆ ಓದುವ ಕೆಲಸ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ತಮ್ಮ ಹೆಸರಿಗೆ ಬರಬಹುದಾದ ನಷ್ಟ.

1957ರ ಮತ್ತು 1964ರ ತೀರ್ಪುಗಳನ್ನು ನಾವು ಒಪ್ಪುವುದಿಲ್ಲ. ಅನುವಾದಕರನ್ನೂ ಪುಸ್ತಕ ಮಾರುವವರನ್ನೂ ದಂಡಿಸಿದ್ದು ಅನ್ಯಾಯವೆಂದೇ ನಮ್ಮ ಮತ. ಹಾಗಿದ್ದರೂ ಅಲ್ಲಿ ಆರೋಪವೇನೆಂದು ಬರೆದಿತ್ತು. ಸಾಹಿತಿಗಳು ಸಾಕ್ಷಿ ನುಡಿದರು. ನ್ಯಾಯಾಧೀಶರು ತಮ್ಮ ಹೆಸರು ಹಾಕಿ ಕಾರಣ ಬರೆದರು. ಅದರಿಂದಲೇ ಆ ತೀರ್ಪುಗಳನ್ನು ಎದುರಿಸಿ ವಾದಿಸಲು ಮುಂದಿನವರಿಗೆ ಸಾಧ್ಯವಾಯಿತು. ಇಂದಿನ ಕತ್ತರಿಗೆ ಹೆಸರಿಲ್ಲ, ಬರೆದಿಟ್ಟ ಕಾರಣವಿಲ್ಲ, ಮೇಲ್ಮನವಿಗೆ ಬಾಗಿಲಿಲ್ಲ. ಅದರಿಂದ ಲೇಖಕರಿಗೆ ನಷ್ಟವಾಗುವುದು ಸರಿಯೇ. ಹಿಂಸೆಯ ವಿರುದ್ಧ ನ್ಯಾಯವಾಗಿ ದೂರಿದ ಮಹಿಳೆಯರಿಗೂ ಲಾಭವಿಲ್ಲ. ಅವರ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಪ್ರಶ್ನೆಗೆ ಎಡೆಕೊಟ್ಟ ಕಪಾಟನ್ನು ಮುಚ್ಚಿದರು, ಅಷ್ಟೆ.

ವಯಸ್ಕರ ದೃಶ್ಯಕಾದಂಬರಿಗಳಲ್ಲಿ ಹಲವು ನಮಗೆ ರುಚಿಸುವಂಥವಲ್ಲ, ಕೆಲವು ಖಂಡಿಸಬೇಕಾದವೇ. ಖಂಡಿಸುವುದಕ್ಕೂ ಮೊದಲು ಓದಬೇಕು. ಓದಿದವರು ತಮ್ಮ ಕಾರಣವನ್ನು ಎಲ್ಲರ ಮುಂದೆ ಹೇಳಬೇಕು. ಇಂದು ಈ ಒಂದು ಪ್ರಕಾರದ ಮೇಲೆ ಬಿದ್ದ ರೂಢಿ ನಾಳೆ ಇ-ಪುಸ್ತಕಕ್ಕೂ ಬರಬಹುದು, ತವರಿನಿಂದ ದೂರವಿದ್ದು ಕಾರ್ಡಿನಲ್ಲಿ ಹಣ ಕಟ್ಟಿ ಕನ್ನಡ ಪುಸ್ತಕ ತರಿಸುವ ನಮ್ಮ ಓದಿಗೂ ಬರಬಹುದು. ಆಗ ಪುಸ್ತಕವೊಂದು ಪಟ್ಟಿಯಿಂದ ಮಾಯವಾದರೆ, ಏಕೆಂದು ಯಾರನ್ನು ಕೇಳಬೇಕೆಂಬುದಾದರೂ ನಮಗೆ ತಿಳಿದಿರಬೇಕು.